ಇನ್ನೂರ ಹನ್ನೆರಡನೇ ಮನೆಯ ಬೆಕ್ಕು

ನಮ್ಮೂರಿನಲ್ಲಿ ಯಾರು ಮೊದಲು ಮಾತಾಡಬೇಕು, ಯಾರು ಆಮೇಲೆ ಮಾತಾಡಬೇಕು ಎಂಬುದನ್ನು ಅವರವರ ಮನೆಯ ಪ್ರಾಣಿ ತೀರ್ಮಾನಿಸುತ್ತಿತ್ತು. ಪ್ರತಿ ವರ್ಷ ಯುಗಾದಿ ಕಳೆದ ಮೇಲೆ ಪ್ರಾಣಿಗಳಿಗೆ ಬುದ್ಧಿ ಪರೀಕ್ಷೆ. ಅದರ ಫಲಿತಾಂಶದ ಪ್ರಕಾರ ಇನ್ನೂರ ಹನ್ನೆರಡು ಮನೆಗಳ ಪಟ್ಟಿಯನ್ನು ಪಂಚಾಯಿತಿ ಗೋಡೆಗೆ ಅಂಟಿಸುತ್ತಿದ್ದರು. ಶುಕ್ರವಾರದ ಊರಸಭೆಯಲ್ಲಿ ಆ ಪಟ್ಟಿಯ ಸರದಿಯಲ್ಲೇ ಮಾತು. ಮನೆಗೆ ಐದು ನಿಮಿಷ. ಸಭೆ ನಾಲ್ಕಕ್ಕೆ ಶುರುವಾಗಿ ಆರಕ್ಕೆ ಮುಗಿಯುತ್ತಿದ್ದುದರಿಂದ ಇಪ್ಪತ್ತನಾಲ್ಕನೇ ಮನೆ ದಾಟಿ ಯಾರೂ ಬಾಯಿ ಬಿಟ್ಟ ಉದಾಹರಣೆ ಇರಲಿಲ್ಲ. ನಮ್ಮದು ಇನ್ನೂರ ಹನ್ನೆರಡನೇ ಮನೆ. ನಮ್ಮಲ್ಲಿದ್ದದ್ದು ಬೆಕ್ಕು.

ಬೆಕ್ಕಿನ ಮನೆಗಳು ಒಟ್ಟು ಹದಿನೇಳು ಇದ್ದವು. ಹದಿನೇಳೂ ಪಟ್ಟಿಯ ತಳದಲ್ಲಿ, ಕತ್ತೆ ಸಾಕಿದ ಮನೆಗಳಿಗಿಂತ ಕೆಳಗೆ. ನಾನು ಗಾರೆ ಕೆಲಸದವನು, ಮುದ್ದಯ್ಯ ಅಂತ. ಊರಿನ ಅರ್ಧ ಗೋಡೆಗಳಿಗೆ ನನ್ನ ಕೈ ಬಿದ್ದಿದೆ. ಆದರೆ ಹದಿಮೂರು ವರ್ಷ ಪ್ರತಿ ಶುಕ್ರವಾರ ಸಭೆಯ ಕೊನೆಯ ಸಾಲಿನಲ್ಲಿ ಕೂತು, ಆರು ಗಂಟೆಗೆ ಎದ್ದು, ಪಂಚೆಯ ಧೂಳು ಕೊಡವಿಕೊಂಡು ಬಂದವನು. ಅದರಿಂದ ನನಗೆ ದೊಡ್ಡ ಬೇಜಾರೇನೂ ಆಗಿರಲಿಲ್ಲ. ಹೇಳುವಂಥದ್ದು ನನ್ನ ಹತ್ತಿರ ಏನೂ ಇರಲಿಲ್ಲ. ಟ್ಯಾಂಕಿನ ಕಂಬ ನೋಡುವವರೆಗೆ.

ಊರಿನ ನೀರಿನ ಟ್ಯಾಂಕು ನಾಲ್ಕು ಕಂಬಗಳ ಮೇಲೆ ನಿಂತಿತ್ತು. ಅದರ ನೆರಳು ದೊಡ್ಡದು, ಹಾಗಾಗಿ ಸಭೆ ನಡೆಯುತ್ತಿದ್ದದ್ದೂ ಅದರ ಕೆಳಗೇ. ಆ ವರ್ಷ ಮಾಘದಲ್ಲಿ ಒಂದು ದಿನ ಬೂದಿಯನ್ನು ಹುಡುಕಿಕೊಂಡು ಅಲ್ಲಿಗೆ ಹೋದೆ. ಬೂದಿ ಅಂದರೆ ನಮ್ಮ ಬೆಕ್ಕು. ಬಣ್ಣ ಒಲೆಯ ಬೂದಿಯದು, ಜಾಗವೂ ಹೆಚ್ಚಿನಂಶ ಅದೇ. ಅದು ಮೂಡಲ ಕಡೆಯ ಕಂಬದ ಬುಡದಲ್ಲಿ ಮಲಗಿತ್ತು. ಎತ್ತಿಕೊಳ್ಳಲು ಬಗ್ಗಿದಾಗ ಕಂಬದ ಗಾರೆ ಹಪ್ಪಳದಂತೆ ಎದ್ದಿರುವುದು ಕಂಡಿತು. ಬೆರಳಿಟ್ಟು ಎಳೆದರೆ ಅಂಗೈಯಗಲ ಕಳಚಿ ಬಂತು. ಒಳಗೆ ಕಬ್ಬಿಣ ಇರಬೇಕಾದ ಜಾಗದಲ್ಲಿ ಕೆಂಪು ಪುಡಿ ಇತ್ತು.

ಬೆಕ್ಕಿಗೆ ಇಂಥದ್ದೆಲ್ಲ ಮೊದಲೇ ತಿಳಿಯುತ್ತದೆ ಎಂದು ಹೇಳುವವರಿದ್ದಾರೆ. ಸುಳ್ಳು. ಆ ಇಡೀ ಬೇಸಿಗೆ ಬೂದಿ ಮಲಗುತ್ತಿದ್ದದ್ದು ಅದೇ ಕಂಬದ ಬುಡದಲ್ಲಿ, ತಂಪಿಗೆ.

ನಾನು ನೇರ ಅಧ್ಯಕ್ಷ ವೃಷಭೇಂದ್ರಪ್ಪನವರ ಮನೆಗೆ ಹೋದೆ. ಅವರ ನಾಯಿ ಸರದಾರ ಒಂಬತ್ತು ವರ್ಷದಿಂದ ಪಟ್ಟಿಯಲ್ಲಿ ಮೊದಲನೆಯದು. ಅವರು ವರಾಂಡದಲ್ಲಿ ಕೂತು ಅದಕ್ಕೆ ರೊಟ್ಟಿ ತೋರಿಸಿ ಹಿಂದಕ್ಕೆಳೆದುಕೊಳ್ಳುತ್ತಿದ್ದರು.

"ಬುದ್ಧೀ, ಟ್ಯಾಂಕಿನ ಮೂಡಲ ಕಂಬ ಹೋಗಿದೆ. ಒಳಗೆ ಕಂಬಿ ತುಕ್ಕು ಹಿಡಿದು ಪುಡಿಯಾಗಿದೆ. ಮಳೆಗಾಲದವರೆಗೂ ನಿಲ್ಲಲ್ಲ" ಅಂದೆ.

"ಇದನ್ನ ನನ್ನ ಮನೇಲಿ ಹೇಳಿದ್ರೆ ಹೇಗಪ್ಪ ಮುದ್ದಯ್ಯ? ಸಭೆ ಅಂತ ಒಂದಿದೆ. ನಿನ್ನ ಸರದಿ ಬಂದಾಗ ಹೇಳು."

"ನನ್ನ ಸರದಿ ಬರಲ್ಲವಲ್ಲ ಬುದ್ಧೀ."

"ಅದನ್ನ ನಿನ್ನ ಬೆಕ್ಕಿಗೆ ಹೇಳು" ಅಂದರು ಅವರು. ಸರದಾರ ಬಾಲ ಅಲ್ಲಾಡಿಸಿತು.

ಪರೀಕ್ಷೆಗೆ ಆರು ವಾರ ಇತ್ತು. ಮನೆಗೆ ಬಂದು ನನ್ನ ಹೆಂಡತಿ ಚೌಡಮ್ಮನಿಗೆ, ಈ ಸಲ ಬೂದಿಯನ್ನು ಇಪ್ಪತ್ತನಾಲ್ಕರೊಳಗೆ ತಂದೇ ತರುತ್ತೇನೆ ಎಂದೆ. ಅವಳು ಒಲೆಯ ಮುಂದಿನಿಂದ ತಲೆ ಎತ್ತದೆ, "ನೀವು ಮೊದಲು ಅದನ್ನ ಕರೆದು ನೋಡಿ, ಬರುತ್ತಾ ಅಂತ" ಅಂದಳು. ಕರೆದೆ. ಬೂದಿ ಕಿವಿ ಮಾತ್ರ ನನ್ನ ಕಡೆ ತಿರುಗಿಸಿತು. ಅಂದರೆ ಕೇಳಿಸಿದೆ. ತನ್ನ ಹೆಸರು ಅದಕ್ಕೆ ಗೊತ್ತು. ಅದರಿಂದ ಏನೂ ಮಾಡಬೇಕಾಗಿಲ್ಲ ಎಂಬುದೂ ಗೊತ್ತು.

ಆರು ವಾರ ನಾನು ಪಟ್ಟ ಪಾಡು ಯಾರಿಗೂ ಬೇಡ. ಚೆಂಡು ಎಸೆದರೆ ಅದು ಚೆಂಡನ್ನೂ ನನ್ನನ್ನೂ ನೋಡುತ್ತಿತ್ತು. ನಾನೇ ಹೋಗಿ ತರುತ್ತಿದ್ದೆ. ನಾಲ್ಕನೇ ದಿನ ಚೌಡಮ್ಮ ಬಾಗಿಲಲ್ಲಿ ನಿಂತು, "ಬೆಕ್ಕು ಚೆನ್ನಾಗಿ ಕಲಿಸಿದೆ ಕಣ್ರೀ ನಿಮಗೆ" ಅಂದಳು. ಕೂತ್ಕೋ ಅಂದರೆ ಎದ್ದು ಹೋಗುತ್ತಿತ್ತು. ಆದರೆ ಅಡುಗೆಮನೆಯ ಬೀರುವಿನ ಚಿಲಕವನ್ನು ಯಾರೂ ಹೇಳಿಕೊಡದೆ ತೆಗೆಯುತ್ತಿತ್ತು. ಹಾಲಿನವನ ಹೆಜ್ಜೆ, ಸಾಬೂನಿನವನ ಹೆಜ್ಜೆ ಬೇರೆ ಬೇರೆ ಎಂದು ಬೀದಿಯ ತುದಿಯಿಂದಲೇ ತಿಳಿಯುತ್ತಿತ್ತು. ಚೌಡಮ್ಮನಿಗೆ ತಲೆನೋವು ಬಂದ ದಿನ ಅವಳ ಪಕ್ಕ ಬಿಟ್ಟು ಕದಲುತ್ತಿರಲಿಲ್ಲ. ಇವಕ್ಕೆಲ್ಲ ಪ್ರಶ್ನೆಪತ್ರಿಕೆಯಲ್ಲಿ ಜಾಗ ಇರಲಿಲ್ಲ.

ಪರೀಕ್ಷಾಧಿಕಾರಿ ಸೀತಾಪತಿ ರಾಯರು. ಬಿಳಿ ಕೋಟು, ಎದೆಗೆ ಎರಡು ಪೆನ್ನು. ಶಾಲೆಯ ಅಂಗಳದಲ್ಲಿ ಮೇಜು ಹಾಕಿ ಮೂರು ಪ್ರಶ್ನೆ ಕೇಳುತ್ತಿದ್ದರು. ಒಂದು, ಹೆಸರು ಕರೆದರೆ ಬರಬೇಕು. ಎರಡು, ಕೂತ್ಕೋ ಅಂದರೆ ಕೂರಬೇಕು, ಏಳು ಅನ್ನುವವರೆಗೆ ಏಳಬಾರದು. ಮೂರು, ಚಿಲಕ ಹಾಕಿದ ಪೆಟ್ಟಿಗೆಯಲ್ಲಿ ಅದಕ್ಕೆ ಇಷ್ಟವಾದ ತಿನಿಸು ಇಟ್ಟಿರುತ್ತಾರೆ, ಗಂಟೆ ಹೊಡೆದ ಮೇಲೆ ಏನು ಮಾಡುತ್ತದೆ ನೋಡಬೇಕು.

ಸರದಾರ ಪೆಟ್ಟಿಗೆ ನೋಡಿತು, ವೃಷಭೇಂದ್ರಪ್ಪನವರ ಮುಖ ನೋಡಿತು, ಜೊಲ್ಲು ಸುರಿಸುತ್ತ ಹತ್ತು ನಿಮಿಷ ಹಾಗೇ ಕೂತಿತು. "ಸ್ವಂತ ಬುದ್ಧಿ ಓಡಿಸದೆ ಹಿರಿಯರ ಅಪ್ಪಣೆಗೆ ಕಾದಿದೆ" ಎಂದು ಬರೆದು ರಾಯರು ಪೂರ್ತಿ ಅಂಕ ಕೊಟ್ಟರು. ಎರಡನೇ ಸ್ಥಾನದ ಜಲಜಾಕ್ಷಮ್ಮನವರ ಗಿಳಿ, ಪಂಡಿತ ಅದರ ಹೆಸರು, "ರಾಯರೇ ಬನ್ನಿ, ಕಾಫಿ ಕುಡೀರಿ" ಎಂದು ಹೇಳಿ ತೊಂಬತ್ತಾರು ತೆಗೆದುಕೊಂಡಿತು. ಕತ್ತೆ ಎರಡನೇ ಪ್ರಶ್ನೆಯಲ್ಲಿ ಸಂಜೆಯವರೆಗೂ ಅಲ್ಲಾಡದೆ ನಿಂತು ಪಾಸಾಯಿತು. ಮೇಕೆ ಪ್ರಶ್ನೆಪತ್ರಿಕೆಯನ್ನೇ ತಿಂದಿತು. ಓದಿನಲ್ಲಿ ಆಸಕ್ತಿ ಎಂದು ಅದಕ್ಕೂ ಐದು ಅಂಕ. ಕೋತಿ ಹಿಂದಿನ ವರ್ಷ ರಾಯರ ಕನ್ನಡಕ ಕಿತ್ತುಕೊಂಡಿದ್ದರಿಂದ ಅದರ ಜಾತಿಯನ್ನೇ ಪರೀಕ್ಷೆಯಿಂದ ಹೊರಗಿಟ್ಟಿದ್ದರು.

ನಮ್ಮ ಸರದಿ ಬಂತು. ಮೊದಲೆರಡು ಪ್ರಶ್ನೆಗೆ ಸೊನ್ನೆ, ಅದು ನನಗೆ ಗೊತ್ತಿದ್ದದ್ದೇ. ಮೂರನೆಯದರ ಮೇಲೆ ನನ್ನ ಪ್ರಾಣವೆಲ್ಲ ಇತ್ತು. ಪೆಟ್ಟಿಗೆಯಲ್ಲಿ ಒಣಮೀನು. ರಾಯರು ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಗಂಟೆಗಾಗಿ ತಡಕಾಡುತ್ತಿದ್ದರು. ಅಷ್ಟರಲ್ಲಿ ಬೂದಿ ಮೇಜು ಹತ್ತಿ, ಬಲಗಾಲಿನಿಂದ ಚಿಲಕ ಸರಿಸಿ, ಮುಚ್ಚಳದೊಳಗೆ ತಲೆ ತೂರಿಸಿ, ತನ್ನ ಪಾಲಿನದ್ದಲ್ಲದೆ ಉಳಿದ ಹದಿನಾರು ಬೆಕ್ಕುಗಳ ಪಾಲನ್ನೂ ಮುಗಿಸಿ, ಮೀಸೆ ಒರೆಸಿಕೊಂಡು, ಗೋಡೆ ಹಾರಿ ಹೋಗಿತ್ತು. ಇಷ್ಟಾದ ಮೇಲೆ ಗಂಟೆ ಹೊಡೆಯಿತು.

"ನೋಡಿದ್ರಾ ಸ್ವಾಮಿ! ಯಾವ ನಾಯಿ ತೆಗೀತು ಈ ಚಿಲಕ? ಯಾವ ಗಿಳಿ ತೆಗೀತು?" ಎಂದು ನಾನು ಕುಣಿದುಬಿಟ್ಟೆ.

ರಾಯರು ಖಾಲಿ ಪೆಟ್ಟಿಗೆ ನೋಡಿದರು. "ಗಂಟೆಗೆ ಮುಂಚೆ ಉತ್ತರ ಬರೆದಿದೆ. ಅಂದ್ರೆ ಪ್ರಶ್ನೆ ಮೊದಲೇ ಗೊತ್ತಿತ್ತು. ಇದು ಅವ್ಯವಹಾರ" ಅಂದರು. ಬೂದಿಯನ್ನು ಮೂರು ವರ್ಷ ಪರೀಕ್ಷೆಯಿಂದ ಡಿಬಾರ್ ಮಾಡಿದರು. ಪಟ್ಟಿ ಅಂಟಿದಾಗ ಅದರಲ್ಲಿ ಇನ್ನೂರ ಹನ್ನೊಂದು ಮನೆಗಳಿದ್ದವು.

ಇತ್ತ ಕಂಬದಲ್ಲಿ ಬಿರುಕು ಬಿಟ್ಟಿತ್ತು, ಅದರ ತುದಿಗೆ ನಾನು ಪೆನ್ಸಿಲಿನಿಂದ ಗೀಟು ಹಾಕಿ ಬರುತ್ತಿದ್ದೆ. ವಾರಕ್ಕೆ ಅರ್ಧ ಗೇಣು ಬೆಳೆಯುತ್ತಿತ್ತು. ಊಟ ಸೇರದಾಯಿತು. ಕೊನೆಗೆ ಜಲಜಾಕ್ಷಮ್ಮನವರ ಮನೆಗೆ ಹೋದೆ. ಅವರು ಹೊಲಿಗೆ ಕಲಿಸುವವರು, ಗಂಡ ಸತ್ತ ಮೇಲೆ ಗಿಳಿಯೊಂದಿಗೆ ಇದ್ದವರು. ಅವರ ಅಡುಗೆಮನೆಯ ಗೋಡೆ ಸರಿಮಾಡುವ ಕೆಲಸ ಬಾಕಿ ಇತ್ತು. ಗಾರೆ ಕಲಸುತ್ತಲೇ ಎಲ್ಲ ಹೇಳಿ, "ನಿಮ್ಮದು ಎರಡನೇ ಮನೆ ಅಮ್ಮಾ, ನೀವೊಂದು ಮಾತು ಹೇಳಿ" ಅಂದೆ.

ಅವರು ಮಿಷನ್ನು ನಿಲ್ಲಿಸಿದರು. "ಹೋದ ವರ್ಷ ಶಾಲೆ ಸೂರು ಸೋರುತ್ತೆ ಅಂತ ಹೇಳೋಕೆ ನಿಂತಿದ್ದೆ ಮುದ್ದಯ್ಯ. ಅಧ್ಯಕ್ಷರು ಏನಂದ್ರು ಗೊತ್ತಾ? ಅಂಕ ಬಂದಿರೋದು ಗಿಳಿಗೆ, ನಿಮಗಲ್ಲ, ಗಿಳಿ ಏನಾದ್ರೂ ಹೇಳೋದಿದ್ರೆ ಹೇಳಲಿ ಅಂದ್ರು. ಎಲ್ಲ ನಕ್ಕರು."

ಆಮೇಲೆ ಇಬ್ಬರೂ ಒಟ್ಟಿಗೇ ಪಂಜರದ ಕಡೆ ತಿರುಗಿದೆವು.

ಎರಡು ದಿನದ ಗೋಡೆ ಕೆಲಸವನ್ನು ನಾನು ಹನ್ನೆರಡು ದಿನ ಮಾಡಿದೆ. ಕರಣೆ ಆಡಿಸುತ್ತ, "ಟ್ಯಾಂಕು ಬೀಳುತ್ತೆ, ಏಳ್ರಪ್ಪೋ" ಎನ್ನುತ್ತಿದ್ದೆ. ನನ್ನ ಗಂಟಲು ಕಟ್ಟಿದಾಗ ಅವರು ಹೇಳುತ್ತಿದ್ದರು. ಒಂಬತ್ತನೇ ದಿನ ಪಂಡಿತ, "ಟ್ಯಾಂಕು ಕಾಫಿ ಕುಡೀರಿ" ಅಂದಿತು. ಹನ್ನೆರಡನೇ ದಿನ ಸರಿಯಾಗಿ ಅಂದಿತು, ನನ್ನದೇ ಒಡಕು ದನಿಯಲ್ಲಿ.

ಆ ಶುಕ್ರವಾರ ಬಿರುಕು ನನ್ನ ಗೀಟನ್ನು ದಾಟಿ ಕಂಬದ ಆ ಬದಿ ಮುಟ್ಟಿತ್ತು. ಸಭೆಯ ಹೊತ್ತಿಗೇ ಪಂಪು ಹಾಕಿ ಟ್ಯಾಂಕು ತುಂಬಿಸುವುದು ವಾಡಿಕೆ. ಮೇಲೆ ನೀರು ಬೀಳುವ ಸದ್ದು ಕೇಳುತ್ತ ಮೂಡಲ ಕಂಬದಿಂದ ಕಣ್ಣು ತೆಗೆಯದೆ ಕೂತಿದ್ದೆ. ವೃಷಭೇಂದ್ರಪ್ಪನವರು ಸರದಾರನನ್ನು ಮುಂದೆ ಕೂರಿಸಿ ತಮ್ಮ ಐದು ನಿಮಿಷ ಮಾತಾಡಿದರು. ಆಮೇಲೆ ಜಲಜಾಕ್ಷಮ್ಮ ಪಂಜರ ಎತ್ತಿ ಹಿಡಿದರು.

"ರಾಯರೇ ಬನ್ನಿ" ಅಂದಿತು ಪಂಡಿತ. ಸಭೆ ತಲೆದೂಗಿತು. "ಟ್ಯಾಂಕು ಬೀಳುತ್ತೆ! ಏಳ್ರಪ್ಪೋ!"

ಸೀತಾಪತಿ ರಾಯರು ಕುರ್ಚಿಯಿಂದ ಎದ್ದರು. "ತೊಂಬತ್ತಾರು ಅಂಕದ ಗಿಳಿ!" ಎಂದು ಕೂಗಿ ಓಡಿದವರೇ. ಅವರ ಹಿಂದೆ ಅಧ್ಯಕ್ಷರು, ಅವರ ಹಿಂದೆ ಇಡೀ ಊರು. ನಾನು ಬಾಯಲ್ಲಿ ಹೇಳಿದ್ದರೆ ಒಬ್ಬನೂ ಚಪ್ಪಲಿ ಹುಡುಕುತ್ತಿರಲಿಲ್ಲ. ಈಗ ಚಪ್ಪಲಿ ಬಿಟ್ಟೇ ಓಡಿದರು. ಎಲ್ಲರೂ ಶಾಲೆಯ ಮೆಟ್ಟಿಲು ಸೇರಿ ತಿರುಗಿ ನೋಡಿದರೆ, ಟ್ಯಾಂಕಿನ ಕೆಳಗೆ ಚೆಲ್ಲಾಪಿಲ್ಲಿ ಚಪ್ಪಲಿಗಳ ನಡುವೆ ಸರದಾರ ಒಂದೇ ಕೂತಿತ್ತು. ಅದಕ್ಕೆ ಕೂತ್ಕೋ ಅಂದಿದ್ದರು. ಏಳು ಎಂದು ಯಾರೂ ಹೇಳಿರಲಿಲ್ಲ.

"ಕರೀರಿ ಬುದ್ಧೀ!" ಅಂದೆ. ವೃಷಭೇಂದ್ರಪ್ಪನವರಿಗೆ ಏದುಸಿರಿನಲ್ಲಿ ಸ್ವರ ಹೊರಡಲಿಲ್ಲ. ಮೇಲಿನಿಂದ ಮರಳು ಉದುರಲು ಶುರುವಾಯಿತು. ಅದ್ಯಾವ ಧೈರ್ಯವೋ, ನಾನು ಓಡಿಹೋಗಿ ಅದರ ಕೊರಳಪಟ್ಟಿ ಹಿಡಿದು ಎಳೆದೆ. ಅದು ನಾಲ್ಕೂ ಕಾಲು ಊರಿ ಕೂತು ನನ್ನ ಮೊಣಕೈಗೆ ಹಲ್ಲು ನೆಟ್ಟಿತು. ಕಣ್ಣಿನಲ್ಲಿ ಮಾತ್ರ ಹೆದರಿಕೆ ತುಂಬಿತ್ತು. ಪಾಪ, ಅದಕ್ಕೂ ಎದ್ದು ಓಡುವ ಆಸೆಯೇ. ಕಚ್ಚಿಸಿಕೊಂಡೇ ದರದರ ಎಳೆದುಕೊಂಡು ಬಂದೆ. ಇಪ್ಪತ್ತು ಹೆಜ್ಜೆ ಬಂದಿರಬೇಕು, ಬೆನ್ನ ಹಿಂದೆ ಭೂಮಿ ಸೀಳಿದಂಥ ಸದ್ದಾಯಿತು. ನೀರು ಬಂದು ನಮ್ಮಿಬ್ಬರನ್ನೂ ಶಾಲೆಯ ಮೆಟ್ಟಿಲಿಗೆ ತಂದು ಹಾಕಿತು.

ಊರಿಗೆ ಊರೇ ಪಂಡಿತನಿಗೆ ಹಾರ ಹಾಕಿತು. ಜಲಜಾಕ್ಷಮ್ಮ, "ಅಯ್ಯೋ, ನಾವೇ ಕಲಿಸಿದ್ದು! ಮುದ್ದಯ್ಯ ಕಂಬ ನೋಡಿ ಹೇಳಿದ್ದು" ಎಂದು ಎಷ್ಟು ಬಡಿದುಕೊಂಡರೂ, "ನೋಡಿ, ಎಂಥ ವಿನಯ" ಎಂದು ಮೆಚ್ಚಿದರು. ರಾಯರು ನನ್ನ ಕಟ್ಟು ಹಾಕಿದ ಕೈ ನೋಡಿ, "ಅಪ್ಪಣೆಯಿಲ್ಲದೆ ಜಾಗ ಬಿಟ್ಟ" ಸರದಾರನಿಗೆ ನಲವತ್ತು ಅಂಕ ಕಳೆದರು. ವೃಷಭೇಂದ್ರಪ್ಪನವರು ಆ ವಾರವೇ ಅದನ್ನು ಹೊರಗಟ್ಟಿ ಗಿಳಿ ತರಿಸಿದರು. ನಾಯಿ ಬಂದು ನಮ್ಮ ಜಗಲಿಯ ಮುಂದೆ ಕೂತಿತು. ಎರಡು ದಿನ ಹಾಗೇ ಕೂತಿದ್ದದ್ದನ್ನು ಕಂಡು ಚೌಡಮ್ಮ, "ಏಳಪ್ಪಾ ಸಾಕು, ಬಂದು ಊಟ ಮಾಡು" ಅಂದಳು. ಬೂದಿ ಮೂರನೇ ದಿನದಿಂದ ಅದರ ಹೊಟ್ಟೆಗೆ ಒರಗಿ ಮಲಗತೊಡಗಿತು.

ಹೊಸ ಟ್ಯಾಂಕು ಕಟ್ಟಲು ಊರಿನಲ್ಲಿ ನಾನಲ್ಲದೆ ಬೇರೆ ಮೇಸ್ತ್ರಿ ಇರಲಿಲ್ಲ. ಹತ್ತು ತಿಂಗಳು ಹಿಡಿಯಿತು. ನನ್ನ ಜನ್ಮದಲ್ಲಿ ಅಷ್ಟು ಮುತುವರ್ಜಿಯಿಂದ ಏನನ್ನೂ ಕಟ್ಟಿದವನಲ್ಲ. ಅಷ್ಟರಲ್ಲಿ ಮುಂದಿನ ಪರೀಕ್ಷೆ ಬಂತು. ಈಗ ಎಂಬತ್ತು ಮನೆಗಳಲ್ಲಿ ಗಿಳಿ. ಮಾದರಿ ಉತ್ತರ ಎಲ್ಲರಿಗೂ ಗೊತ್ತಿತ್ತು, ಮನೆ ಮನೆಯಲ್ಲೂ ಅದನ್ನೇ ಕಲಿಸಿದ್ದರು. ಮೊದಲ ಸಭೆಯಲ್ಲಿ ನಾಲ್ಕರಿಂದ ಆರರವರೆಗೆ ಇಪ್ಪತ್ತನಾಲ್ಕು ಗಿಳಿಗಳು ಒಂದಾದ ಮೇಲೊಂದು ಹೇಳಿದವು: "ಟ್ಯಾಂಕು ಬೀಳುತ್ತೆ, ಏಳ್ರಪ್ಪೋ." ಪಂಡಿತ ಬೇಸರ ಬಂದಂತೆ ಕೊನೆಗೊಮ್ಮೆ, "ಕಾಫಿ ಕುಡೀರಿ" ಅಂದಿತು. ಅದಕ್ಕೆ ವಯಸ್ಸಾಯಿತು ಎಂದರು.

ಇಪ್ಪತ್ತನಾಲ್ಕು ಬುದ್ಧಿವಂತರ ಒಮ್ಮತದ ಮೇರೆಗೆ ಹೊಸ ಟ್ಯಾಂಕಿಗೆ ನೀರು ಬಿಡಬಾರದು, ಅದರ ಹತ್ತಿರ ಯಾರೂ ಸುಳಿಯಬಾರದು ಎಂದು ಠರಾವಾಯಿತು. ಜೊತೆಗೆ ಇನ್ನೊಂದು: ಗಿಳಿಗಳ ರಕ್ಷಣೆಗಾಗಿ ಹದಿನೇಳು ಮನೆಯವರೂ ಮುಂದಿನ ಸೋಮವಾರದೊಳಗೆ ಬೆಕ್ಕನ್ನು ಊರ ಹೊರಗೆ ಬಿಡಬೇಕು.

ಚೌಡಮ್ಮ ಆ ರಾತ್ರಿ ಊಟ ಮಾಡಲಿಲ್ಲ. ಬೆಳಿಗ್ಗೆ ಟ್ರಂಕು ಇಳಿಸಿ ಸೀರೆಗಳನ್ನು ಮಡಿಸತೊಡಗಿದಳು. "ಬೆಕ್ಕು ಹೋಗೋ ಕಡೆ ನಾನೂ ಹೋಗ್ತೀನಿ. ನೀವು ಬೇಕಾದ್ರೆ ಇಲ್ಲೇ ಇದ್ದು ಗಿಳಿ ಮಾತು ಕೇಳ್ಕೊಂಡಿರಿ" ಅಂದಳು. ನಾನು ನನ್ನ ಕರಣೆ, ತೂಕದಗುಂಡು, ಮಟ್ಟಗೋಲು ಗೋಣಿಚೀಲಕ್ಕೆ ತುಂಬುತ್ತಿದ್ದೆ. ಆಗ ಜಗಲಿಯ ಮೇಲೆ ಕೊಡಗಳ ಸದ್ದಾಯಿತು.

ಬಾಗಿಲು ತೆರೆದರೆ ಮೂವತ್ತು ನಲವತ್ತು ಹೆಂಗಸರು. ಗಿಳಿ ಮನೆಯವರು, ಎಮ್ಮೆ ಮನೆಯವರು, ಕತ್ತೆ ಮನೆಯವರು, ಎಲ್ಲ ಬೆರೆತಿದ್ದರು. ಹತ್ತು ತಿಂಗಳಿಂದ ಒಂದೂವರೆ ಮೈಲಿ ದೂರದ ಹೊಳೆಯಿಂದ ನೀರು ಹೊತ್ತವರು ಅವರೇ, ಎಲ್ಲರ ಸೊಂಟದ ಸೀರೆಯೂ ಸವೆದಿತ್ತು. ಮುಂದೆ ಜಲಜಾಕ್ಷಮ್ಮ.

"ಮುದ್ದಯ್ಯ, ಆ ಟ್ಯಾಂಕು ಗಟ್ಟಿ ಇದೆಯೋ ಇಲ್ಲವೋ? ಕಟ್ಟಿದವರು ನೀವು, ಹೇಳಿ."

ಹದಿಮೂರು ವರ್ಷ ಕೂತಿದ್ದವನನ್ನು ಯಾರಾದರೂ ಏನಾದರೂ ಕೇಳಿದ್ದು ಅದೇ ಮೊದಲು. ಚೌಡಮ್ಮ ಹಿಂದಿನಿಂದ ಬೆನ್ನಿಗೆ ತಿವಿದಳು. ಆಮೇಲೆ ಹೇಳಿದೆ. ಪಾಯ ಎಷ್ಟು ಆಳ ತೆಗೆದೆ, ಕಂಬಕ್ಕೆ ಎಷ್ಟು ಕಂಬಿ ಕಟ್ಟಿದೆ, ಎಷ್ಟು ದಿನ ಗೋಣಿ ಹೊದಿಸಿ ನೀರು ಕುಡಿಸಿದೆ, ಎಲ್ಲ. ಐದು ನಿಮಿಷಕ್ಕಿಂತ ಜಾಸ್ತಿಯೇ ಆಯಿತು. ಯಾರೂ ಗಡಿಯಾರ ನೋಡಲಿಲ್ಲ. ಒಬ್ಬಾಕೆ, "ಹಳೇದೂ ಹಿಂಗೇ ಗಟ್ಟಿ ಅಂದಿದ್ರಲ್ಲ?" ಎಂದು ಕೇಳಿದಳು. "ಅದನ್ನ ಕಟ್ಟಿದೋನು ಕೆಳಗೆ ನಿಂತಿರಲಿಲ್ಲ ತಾಯಿ. ನಾನು ನಿಂತಿರ್ತೀನಿ, ನೀವು ತುಂಬಿಸಿ" ಅಂದೆ.

ಜಲಜಾಕ್ಷಮ್ಮನೇ ಪಂಪಿನ ಗುಂಡಿ ಒತ್ತಿದರು. ನಾನು ನಾಲ್ಕು ಕಂಬದ ನಡುವೆ ನಿಂತೆ. ಚೌಡಮ್ಮ ಬಂದು ಪಕ್ಕ ನಿಂತಳು. ಸ್ವಲ್ಪ ಹೊತ್ತಿನಲ್ಲೇ ಉಳಿದವರೂ ಬಂದು ಕೊಡ ಇಳಿಸಿದರು. ಊರಿನ ಗಂಡಸರೆಲ್ಲ ಶಾಲೆಯ ಮೆಟ್ಟಿಲ ಮೇಲೆ ಪಂಜರ ಹಿಡಿದು ಗುಂಪುಗೂಡಿದ್ದರು. ಎಂಬತ್ತು ಗಿಳಿಗಳೂ ಒಂದೇ ಸಮನೆ ಕಿರುಚುತ್ತಿದ್ದವು. ವೃಷಭೇಂದ್ರಪ್ಪನವರು ನಮ್ಮ ನಡುವೆ ನಿಂತಿದ್ದ ತಮ್ಮ ಹೆಂಡತಿಯನ್ನು ಹೆಸರು ಹಿಡಿದು ಕರೆದರು. ಆಕೆ ಕಿವಿಯ ಮೇಲಿನ ಸೆರಗು ಸರಿಮಾಡಿಕೊಂಡು ಕೊಡ ತೊಳೆಯುತ್ತ ಇದ್ದರು. ಮುಕ್ಕಾಲು ಗಂಟೆಗೆ ಟ್ಯಾಂಕು ತುಂಬಿ, ಮೇಲಿನ ಕೊಳವೆಯಿಂದ ನೀರು ಉಕ್ಕಿ ನಮ್ಮ ತಲೆಯ ಮೇಲೆ ಸುರಿಯಿತು. ನಾನು ಒಂದೊಂದೇ ಕಂಬಕ್ಕೆ ಅಂಗೈ ಒತ್ತಿ ನೋಡಿದೆ. ಅಲ್ಲಾಡಲಿಲ್ಲ.

ಗಿಳಿಗಳನ್ನು ಆಮೇಲೆ ಬಹಳ ಜನ ಹಾರಿಬಿಟ್ಟರು. ಬೆಕ್ಕಿನ ಠರಾವು ಜಾರಿಯಾಗಲಿಲ್ಲ, ರದ್ದೂ ಆಗಲಿಲ್ಲ. ಅದು ಕಡತದಲ್ಲೇ ಇದೆ. ಶುಕ್ರವಾರದ ಸಭೆ ಈಗ ಶಾಲೆಯ ಮೆಟ್ಟಿಲ ಮೇಲೆ, ಪಟ್ಟಿಯ ಪ್ರಕಾರವೇ ನಡೆಯುತ್ತದೆ. ಜನ ಮಾತ್ರ ಕಡಿಮೆ. ಊರಿನ ಮಾತೆಲ್ಲ ಬೆಳಿಗ್ಗೆ ನಲ್ಲಿಯ ಹತ್ತಿರ, ಎಲ್ಲರೂ ಒಟ್ಟಿಗೇ ಬಾಯಿ ಹಾಕಿ ಮುಗಿದಿರುತ್ತದೆ.

ಹೋದ ವಾರ ಪಂಚಾಯಿತಿ ಕಚೇರಿಯ ಸುಣ್ಣ ಬಳಿಯುವ ಕೆಲಸಕ್ಕೆ ಹೋಗಿದ್ದಾಗ ಸೀತಾಪತಿ ರಾಯರ ದಫ್ತರು ಮೇಜಿನ ಮೇಲೆ ತೆರೆದಿತ್ತು. ಆ ದಿನ ಟ್ಯಾಂಕಿನ ಕೆಳಗೆ ನಿಂತ ಅಷ್ಟೂ ಹೆಂಗಸರ ಹೆಸರನ್ನು ಅವರು ದುಂಡಗೆ ಬರೆದಿಟ್ಟಿದ್ದರು. ಎದುರಿಗೆ ಷರಾ: "ಕರೆದರೆ ಬರುವುದಿಲ್ಲ. ಹೇಳಿದರೆ ಕೇಳುವುದಿಲ್ಲ. ಬುದ್ಧಿ: ಸೊನ್ನೆ."

ನಲ್ಲಿಯ ಹತ್ತಿರ ಜಲಜಾಕ್ಷಮ್ಮನಿಗೆ ಇದನ್ನು ಹೇಳಿದೆ. ಅವರು ತುಂಬಿದ ಕೊಡವನ್ನು ಸೊಂಟಕ್ಕೇರಿಸಿಕೊಳ್ಳುತ್ತಿದ್ದವರು ನಿಂತು, "ಪೂರ್ತಿ ಸೊನ್ನೆಯೇ? ಇಲ್ಲಾ ಅಯ್ಯೋ ಪಾಪ ಅಂತ ಒಂದೋ ಎರಡೋ ಹಾಕಿದ್ದಾರಾ?" ಎಂದು ಕೇಳಿದರು.

"ಪೂರ್ತಿ ಸೊನ್ನೆ ಅಮ್ಮಾ."

"ಹಾಗಾದ್ರೆ ಸರಿ" ಎಂದು ಅವರು ಮನೆಯ ಕಡೆ ನಡೆದರು.